ಖಾಲಿ ಬಸ್ಸಿನ ಲೆಕ್ಕ

ಮೊದಲು ಒಂದು ಬಸ್ಸಿನ ಒಳಗೆ ಹೋಗೋಣ. ವರ್ಷ 1955. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯ, ಅದರ ರಾಜಧಾನಿ ಮಾಂಟ್‌ಗೊಮರಿ. ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ. ಬಸ್ಸಿನಲ್ಲಿ ಒಬ್ಬನೇ ಒಬ್ಬ ಬಿಳಿಯ ಇಲ್ಲದಿದ್ದರೂ ಆ ಹತ್ತು ಖಾಲಿಯೇ ಇರಬೇಕು. ಕೂಸು ಎತ್ತಿಕೊಂಡ ಕಪ್ಪು ಹೆಂಗಸು ಪಕ್ಕದಲ್ಲೇ ನಿಂತಿದ್ದರೂ ಕೂರುವಂತಿಲ್ಲ. ಹಿಂದಿನ 10 ಕಪ್ಪು ಜನರಿಗೆ. ನಡುವೆ 16 ಉಳಿದವಲ್ಲ, ತಕರಾರೆಲ್ಲ ಅಲ್ಲೇ. ಅಲ್ಲಿ ಕಪ್ಪು ಜನ ಕೂರಬಹುದು, ಆದರೆ ಡ್ರೈವರ್ ಏಳಿ ಅಂದರೆ ಏಳಬೇಕು. ಒಬ್ಬ ಬಿಳಿಯ ಕೂರಬೇಕಾದರೂ ಇಡೀ ಸಾಲು ಏಳಬೇಕು. ಯಾಕೆಂದರೆ ನಡುವೆ ಓಡಾಡುವ ದಾರಿ ಇದ್ದರೂ, ಒಂದೇ ಸಾಲಿನಲ್ಲಿ ಇಬ್ಬರೂ ಕೂರಕೂಡದು.

ಇನ್ನು ಕಪ್ಪು ಜನ ಹತ್ತುವ ಕ್ರಮ ನೋಡಿ. ಕಂಡಕ್ಟರ್ ಇಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಪಕ್ಕದ ಡಬ್ಬಿಗೆ 10 ಸೆಂಟ್ ಹಾಕಬೇಕು. ಹಾಕಿ ಕೆಳಗಿಳಿಯಬೇಕು. ಬಸ್ಸಿನ ಮಗ್ಗುಲಲ್ಲಿ ನಡೆದು ಹೋಗಿ ಹಿಂದಿನ ಬಾಗಿಲಲ್ಲಿ ಹತ್ತಬೇಕು. ಅಷ್ಟರೊಳಗೆ ಕೆಲವು ಡ್ರೈವರ್‌ಗಳು ಗಾಡಿ ಎತ್ತಿಬಿಡುತ್ತಿದ್ದರು. ದುಡ್ಡೂ ಹೋಯಿತು, ಬಸ್ಸೂ ಹೋಯಿತು.

ನಾನು ಬಸ್ ಡಿಪೋದಲ್ಲಿ ಬದುಕು ಸವೆಸಿದವನು. ಮೊದಲು ಕಂಡಕ್ಟರ್, ಆಮೇಲೆ ಷೆಡ್ಯೂಲ್ ಹಾಕುವ ಟೇಬಲ್. ನಮ್ಮಲ್ಲಿ ಟಿಕೆಟ್ ಕೊಟ್ಟ ಮೇಲೆ ಪ್ರಯಾಣಿಕರನ್ನು ಬಿಟ್ಟು ಬಂದರೆ ಕೈಗೆ ಮೆಮೊ ಬರುತ್ತಿತ್ತು. ಅಲ್ಲಿ ಅದು ದಿನಚರಿ. ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ಮಾತಾಡು ಅಂತ ಇಲ್ಲಿನ ಗೆಳೆಯರು ಕರೆದಾಗ, ನನಗೆ ತಿಳಿಯುವುದು ಬಸ್ಸು, ಬಸ್ಸಿನದೇ ಹೇಳುತ್ತೇನೆ ಅಂದೆ. ಹಾಗಾಗಿ ಇವತ್ತು ದೊಡ್ಡ ಭಾಷಣಗಳ ಕಥೆ ಕಡಿಮೆ. ಕಲೆಕ್ಷನ್, ಟ್ರಿಪ್ಪು, ಪೆಟ್ರೋಲು, ಇನ್ಶೂರೆನ್ಸ್ ಜಾಸ್ತಿ. 381 ದಿನ ಈ ಊರಿನ ಕಪ್ಪು ಜನ ಬಸ್ ಹತ್ತಲಿಲ್ಲ ಅಂತ ಎಲ್ಲರೂ ಓದಿರುತ್ತೀರಿ. ನನಗೆ ಯಾವಾಗಲೂ ಕಾಡುವ ಪ್ರಶ್ನೆ: ಸರಿ, ಹತ್ತಲಿಲ್ಲ. ಹಾಗಾದರೆ ಅವರು ಕೆಲಸಕ್ಕೆ ಹೋಗಿದ್ದು ಹೇಗೆ?

ಕಥೆ ಶುರುವಾಗುವುದು ರೋಸಾ ಪಾರ್ಕ್ಸ್ ಅವರಿಂದ. ಡಿಸೆಂಬರ್ 1, 1955, ಗುರುವಾರ ಸಂಜೆ. ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮುಗಿಸಿ ಕ್ಲೀವ್‌ಲೆಂಡ್ ಅವೆನ್ಯೂ ಬಸ್ ಹತ್ತಿದರು. ಬಿಳಿಯರ ಹತ್ತು ಸೀಟಿನ ಹಿಂದಿನ ಸಾಲಿನಲ್ಲಿ ಕೂತರು. ಎರಡು ಸ್ಟಾಪ್ ದಾಟುವುದರೊಳಗೆ ಮುಂದಿನದು ತುಂಬಿತು. ಒಬ್ಬ ಬಿಳಿಯ ನಿಂತಿದ್ದ. ಡ್ರೈವರ್ ಆ ಸಾಲಿನ ನಾಲ್ವರಿಗೂ ಏಳಲು ಹೇಳಿದ. ಮೂವರು ಎದ್ದರು, ಇವರು ಏಳಲಿಲ್ಲ. ಪೊಲೀಸರು ಬಂಧಿಸಿದರು.

ಶಾಲೆಯ ಪುಸ್ತಕದಲ್ಲಿ ಏನಂತ ಇರುತ್ತದೆ? "ದಿನವಿಡೀ ದುಡಿದು ಕಾಲು ನೋಯುತ್ತಿದ್ದ ಬಡ ದರ್ಜಿ ಹೆಂಗಸು." ಕೇಳಲು ಚೆನ್ನಾಗಿದೆ, ಆದರೆ ಅರ್ಧ ಸುಳ್ಳು. ಆಗ ಆಕೆಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ಊರ ಶಾಖೆಯಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡಿದ ಕಾರ್ಯದರ್ಶಿ. ಅದೇ ಬೇಸಿಗೆಯಲ್ಲಿ ಟೆನ್ನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿ ಹೋರಾಟ ಕಟ್ಟುವುದರ ತರಬೇತಿ ಪಡೆದು ಬಂದಿದ್ದರು. ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಹುಡುಗನನ್ನು ಬಿಳಿಯರು ಹೊಡೆದು ಕೊಂದಿದ್ದರು, ಕೊಂದವರು ಕೋರ್ಟಿನಿಂದ ಬಿಡುಗಡೆಯಾಗಿದ್ದರು. ಆ ಪ್ರಕರಣದ ಸಭೆಯೊಂದು ಮಾಂಟ್‌ಗೊಮರಿಯಲ್ಲಿ ನಡೆದಾಗ ರೋಸಾ ಹೋಗಿ ಕೇಳಿದ್ದರು. ಅದಾಗಿ ನಾಲ್ಕೇ ದಿನಕ್ಕೆ ಈ ಬಸ್ಸಿನ ಘಟನೆ. ಕಾಲು ನೋಯುತ್ತಿರಲಿಲ್ಲ, ತಲೆಬಾಗಿ ಸಾಕಾಗಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ.

ಇನ್ನೊಂದು ವಿಷಯ. ಆ ಡ್ರೈವರ್, ಜೇಮ್ಸ್ ಬ್ಲೇಕ್, ರೋಸಾಗೆ ಹೊಸಬನಲ್ಲ. 1943ರಲ್ಲಿ ಮುಂದಿನ ಬಾಗಿಲಿಂದ ಒಳಗೆ ಬಂದರು ಅಂತ ಇದೇ ಮನುಷ್ಯ ಅವರನ್ನು ಬಸ್ಸಿನಿಂದ ಇಳಿಸಿದ್ದ. ಅಲ್ಲಿಂದ ಹನ್ನೆರಡು ವರ್ಷ ಅವನ ಗಾಡಿ ಕಂಡರೆ ಹತ್ತುತ್ತಿರಲಿಲ್ಲ. ಅವತ್ತು ಮುಖ ನೋಡದೆ ಹತ್ತಿಬಿಟ್ಟರು. ಬಸ್ ಸ್ಟಾಪಿನಲ್ಲಿ ನಾವೂ ಹಾಗೇ ಅಲ್ವಾ, ಬೋರ್ಡು ನೋಡುತ್ತೇವೆ, ಡ್ರೈವರ್ ಮುಖ ಯಾರು ನೋಡುತ್ತಾರೆ?

ಏಳುವುದಿಲ್ಲ ಅಂದದ್ದು ಅವರೇ ಮೊದಲಲ್ಲ. ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ನಮ್ಮವರೊಬ್ಬರ ವಿಷಯ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಗೊತ್ತಲ್ಲ, ಕೈಮಗ್ಗ, ಕರಕುಶಲ ಅಂದರೆ ನೆನಪಾಗುವ ಹೆಸರು. 1941ರಲ್ಲಿ ಅವರು ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಬಿಳಿಯರ ಡಬ್ಬಿಯಲ್ಲಿ ಕೂತಿದ್ದರು. ಟಿಕೆಟ್ ನೋಡಲು ಬಂದವನು ಏಳಿ ಅಂದ. ಇವರು ಏಳಲಿಲ್ಲ. ಈಕೆ ಅಲ್ಲಿನ ಕಪ್ಪು ಹೆಂಗಸಲ್ಲ ಅಂತ ಅವನಿಗೆ ಅನುಮಾನ ಬಂತು. ಯಾವ ದೇಶ ಅಂತ ಕೇಳಿದ. ಭಾರತ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ವಿದೇಶಿ ಅತಿಥಿ ಅಂತ ಬಿಟ್ಟು ಹೋಗುತ್ತಿದ್ದ. ಇವರು ನ್ಯೂಯಾರ್ಕಿನಿಂದ ಬರುತ್ತಿದ್ದೇನೆ ಅಂದರು. ಕೊನೆಗೆ ಭಾರತ ಅನ್ನುವುದು ಗೊತ್ತಾದಾಗಲೂ, ಅದರಿಂದ ಏನೂ ಬದಲಾಗುವುದಿಲ್ಲ, ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವ ಯೋಚನೆ ನನಗಿಲ್ಲ ಅಂದರು. ಅವನು ಹೊರಟುಹೋದ. ನಾನು ಇದನ್ನು ಓದಿದ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ತಪ್ಪಿಸಿಕೊಳ್ಳಲು ಬಾಗಿಲು ತೆರೆದಿದ್ದರೂ ಆಕೆ ಅದರಲ್ಲಿ ಹೋಗಲಿಲ್ಲ.

ಮಾಂಟ್‌ಗೊಮರಿಗೆ ಬರೋಣ. ರೋಸಾ ಅವರಿಗಿಂತ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2ರಂದು, ಕ್ಲಾಡೆಟ್ ಕೋಲ್ವಿನ್ ಅನ್ನುವ 15 ವರ್ಷದ ಹುಡುಗಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಳು. ಏಳು ಅಂದರು, ಏಳಲಿಲ್ಲ. ಪೊಲೀಸರು ಎಳೆದುಕೊಂಡು ಹೋಗಿ ಕೈಕೋಳ ಹಾಕಿದರು. ಅವಳ ಮೇಲೆ ಮೂರು ಆರೋಪ. ಮೇಲ್ಮನವಿಯಲ್ಲಿ ಸೀಟಿನ ಕಾನೂನು ಮುರಿದ ಆರೋಪವನ್ನು ಕೋರ್ಟು ಕೈಬಿಟ್ಟಿತು, ಪೊಲೀಸರ ಮೇಲೆ ಕೈಮಾಡಿದಳು ಅನ್ನುವುದೊಂದನ್ನು ಉಳಿಸಿಕೊಂಡಿತು. ಈ ಜಾಣತನ ಗಮನಿಸಿ. ಸೀಟಿನ ಆರೋಪವೇ ಇಲ್ಲ ಅಂದಮೇಲೆ ಸೀಟಿನ ಕಾನೂನನ್ನು ಪ್ರಶ್ನೆ ಮಾಡುವುದೆಲ್ಲಿ? ಮುಖಂಡರೂ ಹಿಂಜರಿದರು. ತೀರಾ ಚಿಕ್ಕವಳು ಅಂದರು, ಬಡವರ ಮನೆಯವಳು, ಬಾಯಿ ಜೋರು ಅಂದರು. ಮುಂದೆ ಅವಳು ಬಸಿರಾದದ್ದೂ ಒಂದು ನೆಪವಾಯಿತು. ಅಕ್ಟೋಬರ್‌ನಲ್ಲಿ ಮೇರಿ ಲೂಯಿಸ್ ಸ್ಮಿತ್, 18 ವರ್ಷ, ಅವಳನ್ನೂ ಬಂಧಿಸಿದರು. ಆಗಲೂ ಊರು ಏಳಲಿಲ್ಲ. ಈ ಇಬ್ಬರು ಹುಡುಗಿಯರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಈಗ ನನ್ನ ಮೆಚ್ಚಿನ ಪಾತ್ರ. ಜೋ ಆನ್ ರಾಬಿನ್ಸನ್. ಊರಿನ ಕಪ್ಪು ಜನರ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರಲ್ಲಿ ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನಲ್ಲಿ ಯಾವುದೋ ಯೋಚನೆಯಲ್ಲಿ ಮುಂದೆ ಕೂತುಬಿಟ್ಟಿದ್ದರು. ಡ್ರೈವರ್ ಹೊಡೆಯಲು ಬಂದವನ ಹಾಗೆ ಕಿರುಚಿದ. ಅಳುತ್ತಾ ಇಳಿದು ಓಡಿದರು. ಮುಂದೆ ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್ ಅನ್ನುವ ಹೆಂಗಸರ ಸಂಘಕ್ಕೆ ಅಧ್ಯಕ್ಷೆಯಾದರು. 1954ರ ಮೇ 21ರಂದು ಊರಿನ ಮೇಯರ್‌ಗೆ ಒಂದು ಕಾಗದ ಬರೆದರು. ರೋಸಾ ಘಟನೆಗೆ ಒಂದೂವರೆ ವರ್ಷ ಮೊದಲು! ತುಂಬಾ ವಿನಯದ ಕಾಗದ. ಅದರ ನಡುವೆ ಒಂದು ಲೆಕ್ಕ: ನಿಮ್ಮ ಬಸ್ಸು ಹತ್ತುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನ, ಅವರು ಹತ್ತದಿದ್ದರೆ ಬಸ್ಸು ಓಡುವುದಿಲ್ಲ. ಬಸ್ ಬಹಿಷ್ಕಾರದ ಮಾತು ಊರಲ್ಲಿ ಓಡಾಡುತ್ತಿದೆ ಅಂತಲೂ ಸೂಚಿಸಿದ್ದರು. ಅಂಥ ಕಾಗದ ನನ್ನ ಟೇಬಲ್ಲಿಗೆ ಬಂದಿದ್ದರೆ ಕುರ್ಚಿ ಬಿಟ್ಟು ಮ್ಯಾನೇಜರ್ ರೂಮಿಗೆ ಓಡುತ್ತಿದ್ದೆ. ಮುಕ್ಕಾಲು ಕಲೆಕ್ಷನ್ ಕೈಬಿಡುತ್ತದೆ ಅಂದರೆ ಡಿಪೋ ಬಾಗಿಲು ಹಾಕಬೇಕಷ್ಟೇ. ಮೇಯರ್ ಸುಮ್ನೆ ಕೂತ.

ರೋಸಾ ಬಂಧನದ ಸುದ್ದಿ ಬಂದ ರಾತ್ರಿ ರಾಬಿನ್ಸನ್ ಯಾರ ಸಭೆಗೂ ಕಾಯಲಿಲ್ಲ. ಲಕೋಟೆಯ ಹಿಂಭಾಗದಲ್ಲೋ ಯಾವುದೋ ಚೂರಿನಲ್ಲೋ ನಾಲ್ಕು ಸಾಲು ಗೀಚಿಕೊಂಡು, ಮಧ್ಯರಾತ್ರಿ ಕಾಲೇಜಿಗೆ ಹೋದರು. ಸಹೋದ್ಯೋಗಿಯೊಬ್ಬರ ಹತ್ತಿರ ಸೈಕ್ಲೋಸ್ಟೈಲ್ ಕೋಣೆಯ ಬೀಗದ ಕೈ ಇತ್ತು. ಜೊತೆಗೆ ಇಬ್ಬರು ವಿದ್ಯಾರ್ಥಿಗಳು.

ಇಲ್ಲಿ ಎಳೆಯರಿಗೆ ಸೈಕ್ಲೋಸ್ಟೈಲ್ ಅಂದರೆ ಗೊತ್ತಿಲ್ಲ. ನಮ್ಮ ಯೂನಿಯನ್ ನೋಟೀಸೆಲ್ಲ ಅದರಲ್ಲೇ ತೆಗೆಯುತ್ತಿದ್ದದ್ದು. ಟೈಪ್‌ರೈಟರಿನ ರಿಬ್ಬನ್ ಸರಿಸಿ ಬರೀ ಅಚ್ಚು ಮೊಳೆ ಸ್ಟೆನ್ಸಿಲ್ ಹಾಳೆಗೆ ಹೊಡೆಯಬೇಕು. ತಪ್ಪಾದರೆ ಉಗುರುಬಣ್ಣದಂಥ ದ್ರವ ಹಚ್ಚಿ ಊದಿ ಒಣಗಿಸಿ ಮತ್ತೆ ಹೊಡೆಯಬೇಕು. ಆಮೇಲೆ ಉರುಳೆಗೆ ಸುತ್ತಿ, ಮಸಿ ಸವರಿ, ಹಿಡಿ ತಿರುಗಿಸುವುದು. ಎರಡು ಹಾಳೆ ಅಂಟಿಕೊಂಡು ಒಳಗೆ ಹೋದರೆ ಎಲ್ಲ ನಿಲ್ಲಿಸಿ ಎಳೆದು ತೆಗೆಯಬೇಕು. ನೂರು ಪ್ರತಿ ತೆಗೆಯುವಷ್ಟರಲ್ಲಿ ಅಂಗಿ ತೋಳೆಲ್ಲ ಮಸಿ. ಆ ರಾತ್ರಿ ಅವರು ತೆಗೆದದ್ದು 35 ಸಾವಿರಕ್ಕೂ ಜಾಸ್ತಿ. ಕಾಗದ ಉಳಿಯಲಿ ಅಂತ ಒಂದೇ ಹಾಳೆಯಲ್ಲಿ ಒಂದೇ ಒಕ್ಕಣೆ ಮೂರು ಸಲ ಹೊಡೆದು, ಆಮೇಲೆ ಮೂರಾಗಿ ಕತ್ತರಿಸಿದರು. ಹಾಗೆ ಮಾಡಿದರೂ 23 ರೀಮ್ ಕಾಗದ ಬೇಕು, ನಾನು ಲೆಕ್ಕ ಹಾಕಿ ನೋಡಿದ್ದೇನೆ. ಅದೂ ಸರ್ಕಾರಿ ಕಾಲೇಜಿನ ಕಾಗದ, ಸಿಕ್ಕಿಬಿದ್ದರೆ ನೌಕರಿ ಹೋಗುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಕಟ್ಟುಗಳು ಸಿದ್ಧ. ಎಂಟಕ್ಕೆ ಹೋಗಿ ಪಾಠ ಮಾಡಿದರು. ಪಾಠ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಹಂಚಿದರು. ಶಾಲೆ, ಕ್ಷೌರದಂಗಡಿ, ಬ್ಯೂಟಿ ಪಾರ್ಲರ್, ಕಾರ್ಖಾನೆ ಬಾಗಿಲು. ಒಕ್ಕಣೆ ಇಷ್ಟೇ: ಇನ್ನೊಬ್ಬ ಹೆಂಗಸನ್ನು ಹಿಡಿದಿದ್ದಾರೆ, ಸೋಮವಾರ ಒಂದು ದಿನ ಯಾರೂ ಬಸ್ ಹತ್ತಬೇಡಿ.

ಆ ಮೇಲೆ ನಡೆದದ್ದು ತಮಾಷೆ. ಕರಪತ್ರ ಬಿಳಿಯರ ಕೈಗೂ ಸಿಕ್ಕಿತು. ಭಾನುವಾರ ಊರಿನ ಪತ್ರಿಕೆ ಮುಖಪುಟದಲ್ಲೇ ಸುದ್ದಿ ಹಾಕಿತು. ಕರಪತ್ರ ಸಿಗದವರಿಗೂ ವಿಷಯ ಮುಟ್ಟಿತು. ಜೊತೆಗೆ, ಬಸ್ ಹತ್ತುವವರನ್ನು ಕಪ್ಪು ಪುಂಡರು ಹೆದರಿಸುತ್ತಾರೆ, ಅದಕ್ಕೆ ಬಸ್ಸುಗಳ ಹಿಂದೆ ಪೊಲೀಸರು ಬರುತ್ತಾರೆ ಅಂತ ಪ್ರಕಟಣೆಯಾಯಿತು. ಸೋಮವಾರ ಬೆಳಿಗ್ಗೆ, ಹತ್ತೋಣವೋ ಬೇಡವೋ ಅಂತ ಅನುಮಾನಿಸುತ್ತಿದ್ದವರೂ ಬಸ್ಸಿನ ಹಿಂದೆ ಪೊಲೀಸ್ ಮೋಟರ್‌ಸೈಕಲ್ ಕಂಡು ದೂರ ಸರಿದರು.

ಆ ಊರಿನ ಒಂದು ಚರ್ಚಿಗೆ ಬಂದು ವರ್ಷವಷ್ಟೇ ಆಗಿದ್ದ ಪಾದ್ರಿಯ ಮನೆ ಮುಂದೆಯೇ ಸ್ಟಾಪ್. ಬೆಳಿಗ್ಗೆ ಆರರ ಬಸ್ಸು ಬಿಳಿಯರ ಮನೆಗೆಲಸಕ್ಕೆ ಹೋಗುವ ಹೆಂಗಸರಿಂದ ತುಂಬಿ ತುಳುಕುತ್ತಿತ್ತು. ಪಾದ್ರಿ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಕಿಟಕಿ ಹತ್ತಿರ ನಿಂತಿದ್ದ ಹೆಂಡತಿ ಬೇಗ ಬನ್ನಿ ಅಂತ ಕೂಗಿದರು. ಬಸ್ಸು ದೀಪ ಹಾಕಿಕೊಂಡು ಖಾಲಿ ಹೋಗುತ್ತಿತ್ತು. ಆ ಪಾದ್ರಿಗೆ 26 ವರ್ಷ, ಹೆಸರು ಮಾರ್ಟಿನ್ ಲೂಥರ್ ಕಿಂಗ್. ಶೇಕಡಾ 60ರಷ್ಟು ಜನ ಬಸ್ ಹತ್ತದಿದ್ದರೆ ಸಾಕು ಅಂತ ಅಂದುಕೊಂಡಿದ್ದರಂತೆ. ಆ ದಿನವೇ ರೋಸಾ ಅವರಿಗೆ ಕೋರ್ಟು 10 ಡಾಲರ್ ದಂಡ, 4 ಡಾಲರ್ ಖರ್ಚು, ಒಟ್ಟು 14 ಡಾಲರ್ ಹಾಕಿತು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಾವಿರಾರು ಜನ ಸೇರಿದರು. ಒಂದು ದಿನದ ಬಹಿಷ್ಕಾರ ಮುಂದುವರಿಯಲಿ ಅಂತ ತೀರ್ಮಾನವಾಯಿತು. ಅದನ್ನು ನಡೆಸಲು ಕಟ್ಟಿದ ಹೊಸ ಸಂಘಟನೆಗೆ ಕಿಂಗ್ ಅಧ್ಯಕ್ಷ. ಅವರ ಅಂದಿನ ಭಾಷಣ ಪ್ರಸಿದ್ಧ, ಅದನ್ನು ನೀವು ಎಲ್ಲಿ ಬೇಕಾದರೂ ಓದಬಹುದು.

ಬೇಡಿಕೆ ಏನಿತ್ತು ಗೊತ್ತಾ? ಕೇಳಿದರೆ ಆಶ್ಚರ್ಯವಾಗುತ್ತದೆ. ಸೀಟು ಬೇರೆ ಬೇರೆ ಮಾಡುವುದನ್ನೇ ತೆಗೆಯಿರಿ ಅಂತ ಅವರು ಮೊದಲು ಕೇಳಲೇ ಇಲ್ಲ. ಡ್ರೈವರ್‌ಗಳು ಮರ್ಯಾದೆಯಿಂದ ಮಾತಾಡಲಿ. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದ ಹಾಗೆ ಕೂರಲಿ, ಕೂತವರನ್ನು ಏಳಿಸಬೇಡಿ. ಕಪ್ಪು ಜನರೇ ಇರುವ ರೂಟಿಗೆ ಕಪ್ಪು ಡ್ರೈವರ್‌ಗಳನ್ನು ಹಾಕಿ. ಇಷ್ಟೇ. ಅಲಬಾಮಾದ್ದೇ ಇನ್ನೊಂದು ಊರು ಮೊಬೀಲ್‌ನಲ್ಲಿ ಇಂಥ ಸೀಟಿನ ವ್ಯವಸ್ಥೆ ಆಗಲೇ ಇತ್ತು. ಇಷ್ಟನ್ನು ಒಪ್ಪಿಕೊಂಡಿದ್ದರೆ ಎರಡು ವಾರದಲ್ಲಿ ಬಸ್ಸು ತುಂಬುತ್ತಿತ್ತು, ನಾನು ಇವತ್ತು ಇಲ್ಲಿ ಬೇರೇನಾದರೂ ಮಾತಾಡುತ್ತಿದ್ದೆ. ಅವರು ಒಪ್ಪಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ದಿನಾ ಎರಡು ಸಲ ಬಸ್ ಹತ್ತುತ್ತಿದ್ದ ಕಪ್ಪು ಜನ ಹದಿನೇಳು ಸಾವಿರದ ಮೇಲೆ. ಇವರನ್ನು ಸಾಗಿಸುವುದು ಹೇಗೆ? ಮೊದಲ ದಿನಗಳಲ್ಲಿ ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, 10 ಸೆಂಟಿಗೇ ಕರೆದೊಯ್ದವು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟ್, ಅದಕ್ಕಿಂತ ಕಡಿಮೆ ತೆಗೆದುಕೊಂಡರೆ ಕೇಸು ಅಂತ ಪೊಲೀಸರು ಬಂದರು. ಆಗ ಕಿಂಗ್ ಲೂಸಿಯಾನಾದ ಬೇಟನ್ ರೂಜ್‌ನ ಪಾದ್ರಿ ಜೆಮಿಸನ್ ಅವರಿಗೆ ಫೋನ್ ಮಾಡಿದರು. ಅಲ್ಲಿ 1953ರಲ್ಲಿ ಇಂಥದೇ ಬಹಿಷ್ಕಾರ ಕೆಲವು ದಿನ ನಡೆದಿತ್ತು. ಖಾಸಗಿ ಕಾರುಗಳನ್ನು ಸೇರಿಸಿ, ಜನರನ್ನು ಪುಕ್ಕಟೆ ಕರೆದೊಯ್ಯಿರಿ ಅಂತ ಅವರು ಹೇಳಿಕೊಟ್ಟರು.

ಡಿಸೆಂಬರ್ 13ಕ್ಕೆ, ಅಂದರೆ ಒಂದು ವಾರ ಕಳೆದ ಕೂಡಲೇ, ಬೆಳಿಗ್ಗೆ ಹೊರಡಲು 48 ಜಾಗ, ಸಂಜೆ ವಾಪಸು ಹತ್ತಿಸಿಕೊಳ್ಳಲು 42 ಜಾಗ ಗೊತ್ತಾಗಿದ್ದವು. ಸುಮಾರು 300 ಕಾರು. ಹೊಸ ಬಸ್ ಸ್ಟಾಪ್ ಒಂದನ್ನು ಹಾಕಲು ನಮಗೆ ಆರು ತಿಂಗಳು ಫೈಲ್ ಓಡಾಡುತ್ತಿತ್ತು ಸ್ವಾಮಿ! ಬೆಳಗಿನ ಜಾಗ ಗೊತ್ತುಮಾಡುವುದು ಸುಲಭ, ಚರ್ಚುಗಳಿದ್ದವು. ಸಂಜೆಯದು ಕಷ್ಟ. ಕೆಲಸದ ಹೆಂಗಸರು ಬಿಳಿಯರ ಬಡಾವಣೆಗಳಲ್ಲಿ ಮನೆಗೊಬ್ಬರಂತೆ ಚದುರಿಹೋಗಿರುತ್ತಾರೆ. ಯಾವ ಬೀದಿಯಲ್ಲಿ ಎಷ್ಟು ಜನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ತಿಳಿಯುವುದು ಹೇಗೆ? ಊರಿನ ಕಪ್ಪು ಅಂಚೆ ನೌಕರರು ನಕ್ಷೆ ಮುಂದಿಟ್ಟುಕೊಂಡು ಕೂತರು. ಅಂಚೆಯವನಿಗಿಂತ ಬೀದಿ ಗೊತ್ತಿರುವವರು ಬೇರೆ ಯಾರು? ಪೇಟೆಯ ಮಧ್ಯೆ ಕಪ್ಪು ಜನರೊಬ್ಬರ ಕಾರ್ ನಿಲ್ಲಿಸುವ ಜಾಗವೇ ಇವರ ಬಸ್ ಸ್ಟ್ಯಾಂಡು. ಈ ವ್ಯವಸ್ಥೆ ಸೈನ್ಯದ ಶಿಸ್ತಿನಲ್ಲಿ ನಡೆಯುತ್ತಿದೆ ಅಂತ ವಿರೋಧಿ ಬಿಳಿಯರ ಸಭೆಯಲ್ಲೇ ಒಪ್ಪಿಕೊಂಡರು.

ಕಾರುಗಳ ಜೊತೆ ಕಾಲುಗಳೂ ಇದ್ದವು, ಅದನ್ನು ಮರೆಯಬಾರದು. ಎಷ್ಟೋ ಮಂದಿ ನಡೆದೇ ಹೋದರು. ಪೊಲ್ಲಾರ್ಡ್ ಅನ್ನುವ ಅಜ್ಜಿಯನ್ನು, ನೀವು ವಯಸ್ಸಾದವರು, ಬಸ್ಸಲ್ಲಿ ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ ಅಂದಾಗ ಆಕೆ, ಕಾಲು ದಣಿದಿದೆ, ಜೀವ ಹಾಯಾಗಿದೆ ಅಂದರಂತೆ. ಬಿಳಿ ಯಜಮಾನಿಯರಲ್ಲೂ ಹಲವರು ತಮ್ಮ ಕೆಲಸದವಳನ್ನು ತಾವೇ ಕಾರಿನಲ್ಲಿ ಕರೆತಂದು ಬಿಡುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ ಅಂತ ಮೇಯರ್ ಕೇಳಿಕೊಂಡ. ಹಾಗಾದರೆ ನಮ್ಮ ಮನೆ ಪಾತ್ರೆ, ಬಟ್ಟೆ ನೀನೇ ಬಂದು ತೊಳಿ ಅನ್ನುವ ಧಾಟಿಯ ಉತ್ತರ ಬಂತು. ಇದನ್ನು ಪೂರ್ತಿ ಒಳ್ಳೆಯತನ ಅಂತ ಹೇಳಲಾರೆ, ಮನೆಗೆಲಸ ನಿಲ್ಲಬಾರದಿತ್ತು ಅಷ್ಟೇ. ನಿಜವಾಗಿ ಎದೆಗಾರಿಕೆ ತೋರಿದ ಬಿಳಿಯರು ಬೆರಳೆಣಿಕೆ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಜೂಲಿಯೆಟ್ ಮಾರ್ಗನ್ ಒಂದನೇ ವಾರದಲ್ಲೇ ಪತ್ರಿಕೆಗೆ ಕಾಗದ ಬರೆದು, ಇವರು ನಡೆಯುವುದು ನೋಡಿದರೆ ಗಾಂಧಿಯ ಉಪ್ಪಿನ ಸತ್ಯಾಗ್ರಹ ನೆನಪಾಗುತ್ತದೆ ಅಂದರು. ಕಿಂಗ್ ಹೆಸರಿನ ಜೊತೆ ಗಾಂಧಿ ಹೆಸರು ಪ್ರಪಂಚಕ್ಕೆಲ್ಲ ಅಂಟಿಕೊಳ್ಳುವ ಮೊದಲೇ. ಅದಕ್ಕೆ ಆಕೆ ತೆತ್ತ ಬೆಲೆ ದೊಡ್ಡದು. ಬೆದರಿಕೆ ಫೋನು, ಕಿಟಕಿಗೆ ಕಲ್ಲು, ಗೆಳೆಯರೂ ದೂರ. 1957ರಲ್ಲಿ ತೀರಿಕೊಂಡರು.

ಪೆಟ್ರೋಲಿಗೆ ದುಡ್ಡು? ಕಾರಿನ ಖರ್ಚೇ ತಿಂಗಳಿಗೆ 5 ಸಾವಿರ ಡಾಲರ್. ಹೊರಗಿನ ಊರುಗಳಿಂದ ಹಣ ಬರುತ್ತಿತ್ತು, ಸವೆದ ಚಪ್ಪಲಿ ಬದಲಿಗೆ ಶೂಗಳೂ ಬರುತ್ತಿದ್ದವು. ಆದರೆ ನಾನು ಹೇಳಬೇಕಾದದ್ದು ಜಾರ್ಜಿಯಾ ಗಿಲ್ಮೋರ್ ವಿಷಯ. ಹೋಟೆಲೊಂದರಲ್ಲಿ ಅಡುಗೆಯವರು. ಇವರಿಗೂ ಒಮ್ಮೆ ಡ್ರೈವರ್ ದುಡ್ಡು ಹಾಕಿಸಿಕೊಂಡು, ಹಿಂದಿನಿಂದ ಹತ್ತು ಅಂತ ಇಳಿಸಿ, ಗಾಡಿ ಎತ್ತಿದ್ದ. ಇನ್ನು ಬಸ್ ಹತ್ತುವುದಿಲ್ಲ ಅಂತ ಅವತ್ತೇ ಶಪಥ ಮಾಡಿದ್ದರು, ಬಹಿಷ್ಕಾರಕ್ಕೆ ಮೊದಲೇ. ಬಹಿಷ್ಕಾರ ಶುರುವಾದಾಗ ಗೆಳತಿಯರ ಹತ್ತಿರ 14 ಡಾಲರ್ ಕೂಡಿಸಿದರು. ಹೌದು, ರೋಸಾಗೆ ಬಿದ್ದ ದಂಡದಷ್ಟೇ. ಅದರಲ್ಲಿ ಕೋಳಿ, ಬ್ರೆಡ್ಡು, ಸೊಪ್ಪು ತಂದು ಸ್ಯಾಂಡ್‌ವಿಚ್ ಮಾಡಿ ಚರ್ಚಿನ ಸಭೆಯಲ್ಲಿ ಮಾರಿದರು. ಆಮೇಲೆ ಕೇಕು, ಸಿಹಿಗೆಣಸಿನ ಪೈ, ಹುರಿದ ಕೋಳಿ. ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಬೇಯಿಸಿ ಬ್ಯೂಟಿ ಪಾರ್ಲರ್‌ಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಬಾಗಿಲು ಬಾಗಿಲಿಗೆ ಹೋಗಿ ಮಾರುತ್ತಿದ್ದರು. ಬಿಳಿಯರೂ ಕೊಳ್ಳುತ್ತಿದ್ದರು. ಆ ಕೇಕಿನ ದುಡ್ಡು ಯಾವ ಕಾರಿನ ಪೆಟ್ರೋಲಾಗುತ್ತದೆ ಅಂತ ಅವರಿಗೇನು ಗೊತ್ತು!

ಈ ಗುಂಪಿಗೆ ಹೆಸರು 'ಕ್ಲಬ್ ಫ್ರಮ್ ನೋವೇರ್'. ಎಲ್ಲಿಯದೂ ಅಲ್ಲದ ಕ್ಲಬ್ಬು. ಬೇಯಿಸಿದವಳ ಹೆಸರು ಹೊರಗೆ ಬಂದರೆ ಅವಳ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ. ಪಟ್ಟಿ ಇಲ್ಲ, ರಸೀದಿ ಇಲ್ಲ, ಲೆಕ್ಕ ಗಿಲ್ಮೋರ್ ಒಬ್ಬರ ತಲೆಯಲ್ಲಿ. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ. ಸೋಮವಾರದ ಸಭೆಯಲ್ಲಿ ಆಕೆ ನಡುದಾರಿಯಲ್ಲಿ ನಡೆದು ಬಂದು ವಾರದ ಮೊತ್ತ ಹೇಳಿದರೆ ಚರ್ಚೆಲ್ಲ ಕಾಲು ಕುಟ್ಟುತ್ತಿತ್ತು. ಊರಿನ ಇನ್ನೊಂದು ಭಾಗದ ಹೆಂಗಸರು ಇದನ್ನು ನೋಡಿ ಪೈಪೋಟಿಗೆ ತಮ್ಮದೂ ಒಂದು ಕ್ಲಬ್ ಮಾಡಿದರು. ವಾರವಾರ ಯಾರದು ಜಾಸ್ತಿ ಅಂತ ಮೇಲಾಟ. ನಮ್ಮ ಊರಬ್ಬದಲ್ಲಿ ಕೇರಿ ಕೇರಿಗೆ ಪೈಪೋಟಿ ಇರುವುದಿಲ್ಲವೇ, ಹಾಗೆ. ಮುಂದೆ ಕಿಂಗ್ ಮೇಲಿನ ಕೇಸಿನಲ್ಲಿ ಗಿಲ್ಮೋರ್ ಕೋರ್ಟಿಗೆ ಬಂದು ಡ್ರೈವರ್ ಮಾಡಿದ್ದನ್ನು ಸಾಕ್ಷಿ ಹೇಳಿದರು, ಹೋಟೆಲಿನ ಕೆಲಸ ಹೋಯಿತು. ಮನೆಯಲ್ಲೇ ಊಟ ಹಾಕಿ ಅಂತ ಕಿಂಗ್ ದುಡ್ಡು ಕೊಟ್ಟು ಬೆನ್ನಿಗೆ ನಿಂತರು. ಅವರ ಅಡುಗೆಮನೆ ಮೇಜಿನ ಸುತ್ತ ಎಷ್ಟೋ ಗುಟ್ಟಿನ ಸಭೆಗಳು ನಡೆದವು.

ಆಡಳಿತದವರು ಕೈಕಟ್ಟಿ ಕೂತಿರಲಿಲ್ಲ. ಕಾರು ಓಡಿಸುವವರಿಗೆ ಸಣ್ಣಪುಟ್ಟದಕ್ಕೆಲ್ಲ ದಂಡದ ಚೀಟಿ. ಗಂಟೆಗೆ 25 ಮೈಲಿ ಮಿತಿಯ ರಸ್ತೆಯಲ್ಲಿ 30ರಲ್ಲಿ ಹೋದರು ಅಂತ ಜನವರಿಯಲ್ಲಿ ಕಿಂಗ್ ಅವರನ್ನು ಜೈಲಿಗೆ ಕರೆದೊಯ್ದರು. ರಾಬಿನ್ಸನ್ ಅವರ ಕಾರಿನ ಮೇಲೆ ಆ್ಯಸಿಡ್ ಸುರಿದರು, ತಗಡೆಲ್ಲ ತೂತು. ಜನವರಿ 30ರಂದು ಕಿಂಗ್ ಮನೆಗೆ ಬಾಂಬು. ಹೆಂಡತಿ, ಹಸುಗೂಸು ಒಳಗಿದ್ದರು, ಬದುಕಿದರು. ಫೆಬ್ರವರಿಯಲ್ಲಿ 1921ರ ಯಾವುದೋ ಹಳೇ ಬಹಿಷ್ಕಾರ ವಿರೋಧಿ ಕಾಯ್ದೆ ಹುಡುಕಿ ತೆಗೆದು 89 ಜನರ ಮೇಲೆ ಕೇಸು ಹಾಕಿದರು. ಹುಡುಕಿಕೊಂಡು ಬರುವ ಮೊದಲೇ ಜನ ಒಳ್ಳೇ ಬಟ್ಟೆ ಹಾಕಿಕೊಂಡು ಠಾಣೆಗೆ ಹೋಗಿ, ನನ್ನ ಹೆಸರು ಇದೆಯಾ ಅಂತ ಕೇಳಿದರು. ಇಲ್ಲ ಅಂದರೆ ಬೇಜಾರು!

ಕಾರುಗಳ ಇನ್ಶೂರೆನ್ಸ್ ರದ್ದು ಮಾಡಿಸಿದ್ದು ಎಲ್ಲಕ್ಕಿಂತ ಚುರುಕಾದ ಏಟು. ಚರ್ಚುಗಳ ಹೆಸರಿನಲ್ಲಿ ಕೊಂಡ ದೊಡ್ಡ ಕಾರುಗಳಿದ್ದವು, ಅವಕ್ಕೆ ಉರುಳುವ ಚರ್ಚು ಅಂತ ಹೆಸರು. ಇನ್ಶೂರೆನ್ಸ್ ಇಲ್ಲದೆ ರಸ್ತೆಗಿಳಿಸುವಂತಿಲ್ಲ. ಕೊನೆಗೆ ಅಟ್ಲಾಂಟಾದ ಕಪ್ಪು ಏಜೆಂಟ್ ಒಬ್ಬರು ಲಂಡನ್ನಿನ ಲಾಯ್ಡ್ಸ್‌ನಿಂದ ಪಾಲಿಸಿ ಮಾಡಿಸಿದರು. ಮಾಂಟ್‌ಗೊಮರಿಯ ಬೀದಿಯಲ್ಲಿ ಓಡುವ ಕಾರಿಗೆ ಸಮುದ್ರದಾಚೆಯ ಪಾಲಿಸಿ.

ಬಸ್ ಕಂಪನಿಯ ಗತಿ? ಜನವರಿಯಲ್ಲೇ ದರ 10ರಿಂದ 15 ಸೆಂಟಿಗೆ ಏರಿತು, ರೂಟುಗಳು ಕಡಿಮೆಯಾದವು. ಖಾಲಿ ಬಸ್ಸಿಗೆ ದರ ಏರಿಸಿದರೆ ಏನು ಬರುತ್ತದೆ, ಬಿಡಿ. ಏಪ್ರಿಲ್‌ನಲ್ಲಿ ಕಂಪನಿ ಸೋತು, ಇನ್ನು ಮೇಲೆ ಯಾರು ಎಲ್ಲಾದರೂ ಕೂರಿ ಅಂತ ಹೇಳಿತು. ಆಗ ಊರಿನ ಆಡಳಿತ ಬಸ್ ಕಂಪನಿ ಮೇಲೆಯೇ ಕೋರ್ಟಿಗೆ ಹೋಗಿ ಹಳೇ ನಿಯಮವನ್ನೇ ನಡೆಸುವಂತೆ ಆಜ್ಞೆ ತಂದಿತು! ನಷ್ಟ ಯಾರದಾದರೂ ಆಗಲಿ, ಸಾಲು ಮಾತ್ರ ಮುರಿಯಬಾರದು.

ಸೀಟಿನ ಕಾನೂನು ಬಿದ್ದುಹೋದದ್ದು ರೋಸಾ ಅವರ ಕೇಸಿನಿಂದಲ್ಲ. ಅದು ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಕೊಂಡಿತ್ತು. 24ರ ಹರೆಯದಲ್ಲೇ ರೋಸಾ ಪರ ನಿಂತಿದ್ದ ವಕೀಲ ಫ್ರೆಡ್ ಗ್ರೇ, 1956ರ ಫೆಬ್ರವರಿ 1ರಂದು ಫೆಡರಲ್, ಅಂದರೆ ಕೇಂದ್ರದ ಕೋರ್ಟಿನಲ್ಲಿ ಬೇರೆ ಕೇಸು ಹಾಕಿದರು. ಕೊನೆಯವರೆಗೂ ನಿಂತ ವಾದಿಗಳು ನಾಲ್ವರು ಹೆಂಗಸರು. ಔರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮತ್ತೆ ನಾನು ನೆನಪಿಡಿ ಅಂದಿದ್ದ ಆ ಇಬ್ಬರು ಹುಡುಗಿಯರು. ಮುಖಂಡರಿಗೆ ಬೇಡವಾಗಿದ್ದ ಕೋಲ್ವಿನ್ ಕೋರ್ಟಿನ ಕಟಕಟೆ ಹತ್ತಿದಳು. ಊರಿನ ವಕೀಲನಿಗೆ ಒಂದೇ ಹಠ, ಇದೆಲ್ಲ ಕಿಂಗ್ ತಲೆ ಕೆಡಿಸಿ ಮಾಡಿಸಿದ್ದು ಅಂತ ಅವಳ ಬಾಯಲ್ಲಿ ಹೇಳಿಸಬೇಕು. ನಿಮ್ಮ ಲೀಡರ್ ಯಾರು ಅಂತ ಕೆದಕಿದ. ನಮ್ಮ ಲೀಡರ್ ನಾವೇ ಅಂದಳು. 16 ವರ್ಷ.

ಜೂನ್‌ನಲ್ಲಿ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಇವರ ಪರ ತೀರ್ಪು ಕೊಟ್ಟರು. ಊರಿನವರು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 13ರಂದು ಕಿಂಗ್ ಊರಿನ ಕೋರ್ಟಿನಲ್ಲಿ ಕೂತಿದ್ದರು. ಕಾರುಗಳನ್ನೇ ನಿಷೇಧಿಸುವ ಕೇಸು, ಸೋಲು ಖಚಿತವಾಗಿತ್ತು. ವಿರಾಮದ ಹೊತ್ತಿಗೆ ಒಬ್ಬ ವರದಿಗಾರ ಚೀಟಿ ತಂದುಕೊಟ್ಟ: ಸುಪ್ರೀಂ ಕೋರ್ಟು ಜೂನ್ ತೀರ್ಪನ್ನು ಎತ್ತಿಹಿಡಿದಿದೆ. ಅದೇ ದಿನ ಊರಿನ ಕೋರ್ಟು ಕಾರುಗಳನ್ನು ನಿಲ್ಲಿಸಿತು. ಗೆದ್ದರು, ಆದರೆ ಆದೇಶದ ಪ್ರತಿ ವಾಷಿಂಗ್ಟನ್ನಿನಿಂದ ಬರಲು ಡಿಸೆಂಬರ್ 20 ಆಯಿತು. ಆ ಐದು ವಾರ ಬಸ್ಸೂ ಇಲ್ಲ, ಕಾರೂ ಇಲ್ಲ. ನಡೆದರು.

ಡಿಸೆಂಬರ್ 21ರ ಬೆಳಿಗ್ಗೆ ಕಿಂಗ್ ಮನೆ ಮುಂದಿನ ಸ್ಟಾಪಿಗೇ ಬಸ್ಸು ಬಂತು. ಮುಂದಿನ ಬಾಗಿಲಲ್ಲಿ ಹತ್ತಿದರು. ನೀವು ರೆವರೆಂಡ್ ಕಿಂಗ್ ಅಲ್ವಾ, ನೀವು ಬಂದದ್ದು ಸಂತೋಷ ಅಂದ ಡ್ರೈವರ್. ಡಬ್ಬಿಗೆ 15 ಸೆಂಟ್ ಹಾಕಿ ಮುಂದೆ ಕೂತರು. ಏರಿಸಿದ ದರ ಹಾಗೇ ಇತ್ತು ನೋಡಿ!

ಒಂದು ವಾರ ಚೆನ್ನಾಗಿತ್ತು. ಆಮೇಲೆ ಕತ್ತಲಾದ ಮೇಲೆ ಬಸ್ಸುಗಳ ಮೇಲೆ ಗುಂಡು ಹಾರತೊಡಗಿದವು. ಬಸಿರಿ ಹೆಂಗಸೊಬ್ಬಳ ಕಾಲಿಗೆ ಗುಂಡು ತಗುಲಿತು. ಸಂಜೆ ಐದರ ಮೇಲೆ ಬಸ್ಸು ಓಡಿಸುವುದನ್ನು ನಿಲ್ಲಿಸಿದರು. ಜನವರಿ 10ರ ಬೆಳಗಿನ ಜಾವ ನಾಲ್ಕು ಚರ್ಚುಗಳಿಗೆ ಬಾಂಬು ಬಿತ್ತು. ರೋಸಾ ಕೆಲಸ ಹೋಗಿ ವರ್ಷವಾಗಿತ್ತು, ಗಂಡನೂ ಕೆಲಸ ಬಿಟ್ಟಿದ್ದರು. ಬಹಿಷ್ಕಾರ ಗೆದ್ದ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. 1957ರಲ್ಲಿ ಡೆಟ್ರಾಯಿಟ್‌ಗೆ ಹೊರಟುಹೋದರು. ಅವರು ಕೂತಿದ್ದ ಬಸ್ಸು, ನಂಬರ್ 2857, ಸೇವೆಯಿಂದ ತೆಗೆದ ಮೇಲೆ ಹೊಲವೊಂದರಲ್ಲಿ ಸಾಮಾನು ತುಂಬುವ ಕೊಠಡಿಯಾಗಿ ಬಿದ್ದಿತ್ತು. 2001ರಲ್ಲಿ ಅದೇ ಡೆಟ್ರಾಯಿಟ್ ಪಕ್ಕದ ಹೆನ್ರಿ ಫೋರ್ಡ್ ಮ್ಯೂಸಿಯಂ ಅದನ್ನು 4,92,000 ಡಾಲರ್ ಕೊಟ್ಟು ಕೊಂಡಿತು. ಈಗ ಯಾರು ಬೇಕಾದರೂ ಹತ್ತಿ ಆ ಸೀಟಿನಲ್ಲಿ ಕೂರಬಹುದು.

ಕೋಲ್ವಿನ್ ನ್ಯೂಯಾರ್ಕಿಗೆ ಹೋಗಿ ವೃದ್ಧಾಶ್ರಮದಲ್ಲಿ ನರ್ಸಿಂಗ್ ಸಹಾಯಕಿಯಾಗಿ ದುಡಿದರು. 1955ರಲ್ಲಿ ಕೋರ್ಟು ಅವರನ್ನು ಪ್ರೊಬೇಷನ್ ಮೇಲೆ ಬಿಟ್ಟಿತ್ತು, ಅಂದರೆ ನಿಗಾದಲ್ಲಿ. ಅದು ಮುಗಿಯಿತು ಅಂತ ಯಾರೂ ಅವರಿಗೆ ಹೇಳಲೇ ಇಲ್ಲ. ಊರಿಗೆ ಬಂದಾಗಲೆಲ್ಲ ಮನೆಯವರಿಗೆ ಅದೇ ಅಂಜಿಕೆ. ಆ ದಾಖಲೆ ಅಳಿಸಿಕೊಡಿ ಅಂತ 2021ರಲ್ಲಿ ಅವರೇ ಅರ್ಜಿ ಹಾಕಿದರು. ಆ ವರ್ಷದ ಕೊನೆಗೆ ಮಾಂಟ್‌ಗೊಮರಿಯ ಕಪ್ಪು ನ್ಯಾಯಾಧೀಶರೊಬ್ಬರು ಸಹಿ ಹಾಕಿ ಅಳಿಸಿದರು. ಆಗ ಆಕೆಗೆ 82 ವರ್ಷ.